10 ಮೀಟರಿಗೇ ಪೆಲೆಟ್ ಚದುರುತ್ತಿದೆ: ಅಪ್ಪನ ಹಳೇ ಸ್ಪ್ರಿಂಗ್ ಏರ್ ರೈಫಲ್, ಸಹಾಯ ಬೇಕು

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಹತ್ತಿರ. ಅಪ್ಪ ಬಳಸುತ್ತಿದ್ದ ಏರ್ ರೈಫಲ್ ಹದಿನೈದು ವರ್ಷ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ನಳಿಗೆ ಮಡಚಿ ಪೆಲೆಟ್ (ಸೀಸದ ಸಣ್ಣ ಗುಂಡು) ಹಾಕುವಂಥದ್ದು, ನಳಿಗೆಯ ತೂತು 4.5 ಮಿ.ಮೀ. ಹೋದ ತಿಂಗಳು ಕೆಳಗಿಳಿಸಿದೆ. ನಮ್ಮ ಕೊಡಗಿನ ಆಯುಧದ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ತೆಂಗಿನಕಾಯಿ ಹೊಡೆಯುವ ಸ್ಪರ್ಧೆ ಇರುತ್ತಲ್ವಾ, ಅಷ್ಟರೊಳಗೆ ಮಗಳಿಗೆ ಗುರಿ ಹಿಡಿಯೋದು ಕಲಿಸಬೇಕು ಅಂತ ಆಸೆ.

ಸಮಸ್ಯೆ ಏನಂದ್ರೆ, 10 ಮೀಟರಿನಲ್ಲಿ ಹತ್ತು ಪೆಲೆಟ್ ಹೊಡೆದರೆ ಕಾಗದದ ಮೇಲೆ ಅಂಗೈ ಅಗಲ ಹರಡುತ್ತವೆ. ಅಪ್ಪ ಇದೇ ರೈಫಲಿನಲ್ಲಿ ಸೋಡಾ ಬಾಟಲಿಯ ಮುಚ್ಚಳ ಹೊಡೆಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ನಳಿಗೆ ಒರೆಸಿದೆ. ಎರಡು ಥರದ ಪೆಲೆಟ್ ಹಾಕಿ ನೋಡಿದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದೆ. ಕೊನೆಗೆ ಮರಳಿನ ಮೂಟೆ ಮೇಲೆ ಒತ್ತಿ ಹಿಡಿದು ಹೊಡೆದೆ. ಇನ್ನೂ ಹಾಳಾಯ್ತು! ಪೆಲೆಟ್‌ಗಳು ಮೇಲಕ್ಕೂ ಹೋದವು. ಗಟ್ಟಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತಿರುವುದು ಯಾಕೆ ಅಂತ ಅರ್ಥವೇ ಆಗುತ್ತಿಲ್ಲ. ಇನ್ನೊಂದು, ಒಮ್ಮೊಮ್ಮೆ ನಳಿಗೆಯಿಂದ ತೆಳ್ಳಗೆ ಹೊಗೆ ಬರುತ್ತದೆ, ಸುಟ್ಟ ವಾಸನೆ ಬೇರೆ. ಆಗ ಸದ್ದೂ ಜಾಸ್ತಿ.

ಲೇತ್‌ಕೆಲಸ:
ಸರ್, ಮೂರು ಪ್ರಶ್ನೆ. ಎಣ್ಣೆ ಏನಾದರೂ ಬಿಟ್ಟಿದ್ದೀರಾ, ಎಲ್ಲಿಗೆ? ಸ್ಕೋಪ್ ಯಾವುದರದ್ದು? ಮರದ ಸ್ಟಾಕಿನ (ರೈಫಲ್ ಕೂರುವ ಹಿಡಿಯ) ಮುಂಭಾಗದಲ್ಲಿ ಎರಡೂ ಪಕ್ಕ ಇರುವ ಸ್ಕ್ರೂಗಳನ್ನು ಮುಟ್ಟಿ ನೋಡಿದ್ದೀರಾ?

ಕಾಫಿತೋಟ:
ಹೌದು ಸರ್. ನಳಿಗೆ ಮಡಚಿದಾಗ ಹಿಂದೆ ಒಂದು ಸಣ್ಣ ತೂತು ಕಾಣುತ್ತದಲ್ಲ, ಅದಕ್ಕೆ ಹೊಲಿಗೆ ಮಷೀನಿನ ಎಣ್ಣೆ ಏಳೆಂಟು ಹನಿ ಬಿಟ್ಟೆ. ಒಣಗಿರುತ್ತದೆ ಅಂದುಕೊಂಡೆ. ಸ್ಕೋಪ್ ಸ್ನೇಹಿತರ .22 ರೈಫಲಿನದ್ದು, ಅದು ಮದ್ದಿನ ಗುಂಡು ಹಾರಿಸುವಂಥದ್ದು. ಸ್ಕ್ರೂ ನೋಡಿಲ್ಲ.

ಹತ್ತುಮೀಟರ್:
ಅಣ್ಣ, ನಿಮ್ಮ ಉತ್ತರದಲ್ಲೇ ಅರ್ಧ ಪರಿಹಾರ ಇದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕಂದ್ರೆ ಈ ರೈಫಲ್ ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಗೊತ್ತಾದರೆ ಮುಂದೆ ನೀವೇ ಸರಿಮಾಡಿಕೊಳ್ಳಬಹುದು.

ಮೊದಲು ಹೊಗೆ. ಆ ತೂತಿನ ಹಿಂದೆ ಪಿಸ್ಟನ್ ಇದೆ. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ, ಗಾಳಿ ಒಂದೇ ಏಟಿಗೆ ಒತ್ತಿಕೊಂಡು ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ನಡೆಯುವುದೂ ಹೀಗೇ. ಒಂದು ಪೆಲೆಟ್ ಬರೀ ಗಾಳಿಯಿಂದ ಹೋಗುತ್ತದೆ, ಇನ್ನೊಂದು ಬೆಂಕಿಯ ಬಲವೂ ಸೇರಿ ಹೋಗುತ್ತದೆ. ವೇಗ ಒಂದೇ ಥರ ಇಲ್ಲದಿದ್ದರೆ ಪೆಲೆಟ್ ಒಂದೇ ಕಡೆ ಬೀಳುವುದು ಹೇಗೆ? ಗಾಳಿ ಸೋರದಂತೆ ತಡೆಯುವ ಪಿಸ್ಟನ್ನಿನ ಸೀಲ್ ಕೂಡ ಸುಟ್ಟು ಹೋಗಬಹುದು. ಇನ್ನು ಒಂದು ಹನಿಯೂ ಬೇಡ. ಹಳೇ ಎಣ್ಣೆ ಹೊಡೆದು ಹೊಡೆದೇ ಖಾಲಿಯಾಗಲಿ. ಆದರೆ ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ. ಪೆಲೆಟ್ ಇದ್ದರೆ ಪಿಸ್ಟನ್ ಮುಂದೆ ಗಾಳಿಯ ಮೆತ್ತೆ ಉಳಿಯುತ್ತದೆ. ಇಲ್ಲದಿದ್ದರೆ ಪಿಸ್ಟನ್ ನೇರವಾಗಿ ಹೋಗಿ ಲೋಹಕ್ಕೆ ಅಪ್ಪಳಿಸುತ್ತದೆ.

ಈಗ ಹಿಡಿತ. .22 ರೈಫಲಿನಲ್ಲಿ, ಮಿಲಿಟರಿ ರೈಫಲಿನಲ್ಲಿ ಗುಂಡು ಒಂದೆರಡು ಮಿಲಿಸೆಕೆಂಡಿನಲ್ಲಿ ನಳಿಗೆ ದಾಟಿರುತ್ತದೆ, ಒದೆತ ಹಿಂದಕ್ಕೆ ಮಾತ್ರ. ಸ್ಪ್ರಿಂಗ್ ರೈಫಲ್ ಹಾಗಲ್ಲ. ಭಾರದ ಪಿಸ್ಟನ್ ಮುಂದಕ್ಕೆ ಓಡುವಾಗ ಇಡೀ ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ಗಾಳಿಗೆ ತಗುಲಿ ನಿಂತಾಗ ರೈಫಲ್ ಮುಂದಕ್ಕೆ ಹಾರುತ್ತದೆ. ಪೆಲೆಟ್ ಹೊರಗೆ ಬರುವ ಮುಂಚೆಯೇ ರೈಫಲ್ ಕದಲಿರುತ್ತದೆ. ಈ ಕದಲಿಕೆಯನ್ನು ನಿಲ್ಲಿಸಲು ಆಗಲ್ಲ, ಪ್ರತಿ ಸಲ ಒಂದೇ ಥರ ಆಗುವಂತೆ ನೋಡಿಕೊಳ್ಳಬಹುದು ಅಷ್ಟೇ. ಮೂಟೆಯ ಮೇಲೆ ಒತ್ತಿ ಹಿಡಿದರೆ ರೈಫಲ್ ಪುಟಿದು ಮೇಲೇಳುತ್ತದೆ. ನಿಮ್ಮ ಪೆಲೆಟ್ ಮೇಲಕ್ಕೆ ಹೋದದ್ದು ಅದಕ್ಕೇ.

ಅಂಗೈಯನ್ನು ಬಿಚ್ಚಿ ಮೂಟೆ ಮೇಲಿಡಿ, ಅದರ ಮೇಲೆ ರೈಫಲ್ ಸುಮ್ನೆ ಮಲಗಲಿ. ಬೆರಳು ಸುತ್ತಬೇಡಿ. ಅಂಗೈ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಕಮಾನಿನ) ಸ್ವಲ್ಪ ಮುಂದೆ ಇರಲಿ, ಪ್ರತಿ ಸಲ ಅದೇ ಜಾಗ. ಭುಜಕ್ಕೆ ಮುಟ್ಟಿದಂತಿರಲಿ, ಎಳೆದುಕೊಳ್ಳಬೇಡಿ. ಟ್ರಿಗರ್ ಎಳೆದ ಮೇಲೂ ಒಂದು ಕ್ಷಣ ಗುರಿ ನೋಡುತ್ತಲೇ ಇರಿ.

ದೊಡ್ಡ ಕಂಪನಿಗಳನ್ನೂ ಕಾಡಿದ್ದು ಇದೇ ತೊಂದರೆ. ಜರ್ಮನಿಯ ಡಯಾನಾದವರು ಇನ್ನೊಂದು ಪಿಸ್ಟನ್ ಇಟ್ಟು, ಎದುರು ದಿಕ್ಕಿಗೆ ಓಡಿಸಿ ಒದೆತ ಕೊಂದರು. ಫೈನ್‌ವೆರ್ಕ್‌ಬೌ 1960ರ ದಶಕದಲ್ಲಿ ಮಾಡಿದ 150 ಮಾದರಿಯಲ್ಲಿ, ಹೊಡೆದಾಗ ನಳಿಗೆ, ಪಿಸ್ಟನ್ ಎಲ್ಲ ಸೇರಿ ಸ್ಟಾಕಿನೊಳಗೆ ಹಳಿಯ ಮೇಲೆ ಹಿಂದಕ್ಕೆ ಜಾರುತ್ತಿತ್ತು. ಹೊಡೆಯುವವನ ಭುಜಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಎಂಥ ಚಂದದ ಯೋಚನೆ ನೋಡಿ! ವಾಲ್ಥರ್ 1974ರಲ್ಲಿ ಸ್ಪ್ರಿಂಗನ್ನೇ ಬಿಟ್ಟು, ಒಂದು ಸಲ ಪಂಪ್ ಮಾಡಿ ಗಾಳಿ ತುಂಬುವ ಎಲ್‌ಜಿಆರ್ ತಂದಿತು. ಈಗ ಒಲಿಂಪಿಕ್ಸಿನಲ್ಲಿ ಕಾಣುವುದೆಲ್ಲ ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟುಕೊಂಡ ರೈಫಲ್‌ಗಳು. ಆ ಉಪಾಯ ಹಳೇದೇ. ಆಸ್ಟ್ರಿಯಾದ ಸೈನ್ಯ 1780ರ ಸುಮಾರಿಗೇ ಜಿರಾರ್ಡೋನಿ ಮಾಡಿದ ಗಾಳಿ ಬಂದೂಕು ಇಟ್ಟುಕೊಂಡಿತ್ತು, ಅದರ ಹಿಂಭಾಗದ ಸ್ಟಾಕೇ ಗಾಳಿಯ ಡಬ್ಬಿ.

10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಹತ್ತರ ಚುಕ್ಕೆ 0.5 ಮಿ.ಮೀ. ಮಾತ್ರ. ಅದಕ್ಕೆ 75 ನಿಮಿಷದಲ್ಲಿ 60 ಸಲ ಹೊಡೆಯಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ರೈಫಲ್ ಯಾಕೆ ಇಷ್ಟು ಬದಲಾಯಿತು ಅಂತ ಈ ಚುಕ್ಕೆ ನೋಡಿದರೆ ಗೊತ್ತಾಗುತ್ತದೆ.

ಲೇತ್‌ಕೆಲಸ:
ಸ್ಕೋಪ್ ಬಗ್ಗೆ ನಾನು ಹೇಳುತ್ತೇನೆ. ಅದನ್ನು ಇವತ್ತೇ ಬಿಚ್ಚಿ ವಾಪಸ್ ಕೊಡಿ ಸರ್. .22ರ ಸ್ಕೋಪ್ ಹಿಂದಕ್ಕೆ ಬರುವ ಒದೆತ ಮಾತ್ರ ತಡೆದುಕೊಳ್ಳುತ್ತದೆ. ಸ್ಪ್ರಿಂಗ್ ರೈಫಲ್ ಮುಂದಕ್ಕೂ ಜರ್ಕ್ ಕೊಡುತ್ತದೆ, ಒಳಗಿನ ಗಾಜು ಸಡಿಲವಾಗಿಬಿಡುತ್ತದೆ. ಬಿಚ್ಚಿದಾಗ ಸ್ಕೋಪ್ ಹಿಡಿದಿಡುವ ಕ್ಲಾಂಪ್ ಕೂತಿದ್ದ ಜಾಗ ನೋಡಿ, ಜಾರಿದೆಯಾ ಅಂತ. ಸದ್ಯಕ್ಕೆ ರೈಫಲಿನ ಮೇಲೇ ಇರುವ ಕಬ್ಬಿಣದ ಸೈಟಿನಲ್ಲೇ (ಗುರಿ ಹಿಡಿಯುವ ಕಿಂಡಿ, ಮೊನೆ) ನೋಡಿ ಹೊಡೆಯಿರಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಳಿಗೆ ಮಡಚಿ ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆ ಬಿಗಿಯಾಗಿ ಹಿಡಿದೇ ಇರಬೇಕು. ಟ್ರಿಗರ್ ಜಾರಿದರೆ ಬೆರಳು ಹೋಗುತ್ತದೆ. ಮಗಳಿಗೆ ಇದನ್ನೇ ಮೊದಲು ಕಲಿಸಿ. ಸ್ಪ್ರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.

ಕಾಫಿತೋಟ:
ಒಂದು ವಾರ ಆಯ್ತು, ವರದಿ ಕೊಡುತ್ತಿದ್ದೇನೆ. ಸ್ಕೋಪ್ ಬಿಚ್ಚಿದಾಗ ಕಪ್ಪು ಬಣ್ಣ ಕೆರೆದು ಹೋಗಿ ಎರಡು ಮಿ.ಮೀ. ಉದ್ದದ ಹೊಳೆಯುವ ಗೆರೆ ಕಂಡಿತು. ಕ್ಲಾಂಪ್ ಅಷ್ಟು ಹಿಂದಕ್ಕೆ ಜಾರಿತ್ತು! ಮುಂದಿನ ಎಡಗಡೆ ಸ್ಕ್ರೂ ಬೆರಳಲ್ಲೇ ಅರ್ಧ ಸುತ್ತು ತಿರುಗಿತು, ವಾಷರ್ ಇರಲೇ ಇಲ್ಲ. ಹೊಸ ವಾಷರ್ ಹಾಕಿ ಎರಡನ್ನೂ ಬಿಗಿ ಮಾಡಿದೆ. ಐವತ್ತು ಪೆಲೆಟ್ ಹೊಡೆದ ಮೇಲೆ ಹೊಗೆ ನಿಂತಿತು. ಅಂಗೈ ಬಿಚ್ಚಿ ಹಿಡಿದಾಗ ಹತ್ತರಲ್ಲಿ ಎಂಟು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ. ಇನ್ನೆರಡು ಮಾತ್ರ ಕೆಳಗೆ ಬೀಳುತ್ತವೆ.

ಲೇತ್‌ಕೆಲಸ:
ಕೆಳಗೆ ಅಂದ್ರೆ ಗಾಳಿ ಸೋರುತ್ತಿರಬಹುದು. ನಳಿಗೆ ಮಡಚುವ ಸಂದಿಯ ಮೇಲೆ ಟಿಶ್ಯೂ ಪೇಪರಿನ ಒಂದು ತೆಳು ಪಟ್ಟಿ ಇಟ್ಟು ಹೊಡೆಯಿರಿ. ಹಾರಿತಾ ನೋಡಿ.

ಕಾಫಿತೋಟ:
ಹಾರಿತು ಸರ್, ನೆಲಕ್ಕೇ ಹೋಗಿ ಬಿತ್ತು. ಸಂದಿಯೊಳಗಿನ ರಬ್ಬರ್ ಉಂಗುರ ಕಲ್ಲಿನ ಥರ ಆಗಿದೆ, ಉಗುರು ಒತ್ತಿದರೆ ಬಿರುಕು ಕಾಣುತ್ತದೆ.

ಹತ್ತುಮೀಟರ್:
ಅದೇ ಅಳತೆಯ ಹೊಸ ಉಂಗುರ ಹಾಕಿ ಅಣ್ಣ. ಲೋಹದ ಅಂಚಿಗಿಂತ ಕೂದಲೆಳೆಯಷ್ಟು ಮೇಲಿರಬೇಕು, ನಳಿಗೆ ಮುಚ್ಚಿದಾಗ ಸ್ವಲ್ಪ ಒತ್ತಿಕೊಳ್ಳಬೇಕು. ತಗ್ಗಿದ್ದರೆ ಅಡಿಯಲ್ಲಿ ತೆಳು ಕಾಗದದ ಉಂಗುರ ಕತ್ತರಿಸಿ ಇಡಿ.

ಕಾಫಿತೋಟ:
ನಿನ್ನೆ ಹಾಕಿದೆ. ಪಟ್ಟಿ ಅಲುಗಾಡಲಿಲ್ಲ. ಹತ್ತಕ್ಕೆ ಹತ್ತೂ ನಾಣ್ಯದೊಳಗೆ. ಮಗಳು ಸಂಜೆ ಮೂವತ್ತು ಪೆಲೆಟ್ ಹೊಡೆದಳು. ನಳಿಗೆ ಬಿಗಿಯಾಗಿ ಹಿಡಿದೇ ಪೆಲೆಟ್ ಹಾಕುತ್ತಿದ್ದಾಳೆ. ಕಾಗದವನ್ನು ಅಪ್ಪನ ಫೋಟೋದ ಕೆಳಗೆ ಅಂಟಿಸಿದ್ದೇವೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.