ಬೆಕ್ಕಿನ ಮರಿಯನ್ನು ಹೊರಗೆ ಬಿಡಲೇ ಎಂದು ಕೇಳಿದ್ದಕ್ಕೆ ದೊಡ್ಡಮ್ಮನ ಉತ್ತರ

ಮಗಳೇ, ನಿನ್ನ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ನೋಡಿದ್ದೆ. ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲವಾದ್ದರಿಂದ ಬೆಳಗಿನವರೆಗೆ ತಡೆದು ಈಗ ಸಾವಧಾನವಾಗಿ ಹೇಳುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು. ಎಂಟು ವಾರದ ಹೆಣ್ಣು ಮರಿಯನ್ನು ತಂದಿದ್ದೀಯ, ಅದು ಬಾಗಿಲ ಬಳಿ ಕುಳಿತು ಕೂಗುತ್ತದೆ, ಒಳಗೇ ಇಟ್ಟುಕೊಳ್ಳಲೇ ಹೊರಗೆ ಬಿಟ್ಟು ಬೆಳೆಸಲೇ ಎಂದು ಕೇಳಿದ್ದೀಯ. ಬೆಕ್ಕು ತಿರುಗಾಡಲೆಂದೇ ಹುಟ್ಟಿದ ಪ್ರಾಣಿ, ಕೂಡಿಹಾಕುವುದು ಅನ್ಯಾಯ ಎಂದು ನಿನ್ನ ಅಣ್ಣ ಹೇಳಿದ್ದಾನೆ. ನಿನ್ನ ಅತ್ತಿಗೆ ಬಸುರಿಯಾಗಿರುವಾಗ ಬೆಕ್ಕು ಮನೆಯೊಳಗೆ ಇರಬಹುದೇ ಎಂದು ನಿನ್ನ ಅಮ್ಮ ಕೇಳಿದ್ದಾಳೆ. ಎರಡಕ್ಕೂ ಉತ್ತರ ಹೇಳುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ: ಮರಿಯನ್ನು ಒಳಗೇ ಇಟ್ಟುಕೋ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಬೆಕ್ಕನ್ನು ಸಾಕಿದಂತಾಗುವುದಿಲ್ಲ. ಹೊರಗಿದ್ದಿದ್ದರೆ ಅದಕ್ಕೆ ತಾನಾಗಿ ದಕ್ಕುತ್ತಿದ್ದ ಬೇಟೆ, ಎತ್ತರ, ನೋಡಲು ನೂರು ಸಂಗತಿ, ಇವನ್ನೆಲ್ಲ ಒಳಗೆ ನೀನು ದಿನವೂ ಕೈಯಾರೆ ಒದಗಿಸಬೇಕಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಎರಡು ಬೆಕ್ಕುಗಳ ವಿಷಯದಲ್ಲಿ ಎರಡು ಬೇರೆ ಬೇರೆ ತಪ್ಪು ಮಾಡಿ ಕಲಿತಿದ್ದೇನೆ.

ಮೊದಲನೆಯದು ಬೂದು ಬಣ್ಣದ ಗಂಡು, ಅಣ್ಣನಿಗೆ ನೆನಪಿರಬೇಕು. ಅದು ರಾತ್ರಿಯೆಲ್ಲ ಹೊರಗೆ ತಿರುಗಿ ಬೆಳಗ್ಗೆ ಊಟಕ್ಕೆ ಬರುತ್ತಿತ್ತು. ಒಮ್ಮೆ ಕಿವಿ ಹರಿದುಕೊಂಡು ಬಂತು. ಇನ್ನೊಮ್ಮೆ ಬಾಲದ ಬುಡ ಊದಿಕೊಂಡು ಬಂತು. ಬೆಕ್ಕಿನ ಹಲ್ಲು ಸೂಜಿಯಂತೆ ಒಳಗಿಳಿಯುತ್ತದೆ, ಮೇಲಿನ ಚರ್ಮ ಬೇಗ ಕೂಡಿಕೊಂಡು ಕೀವು ಒಳಗೇ ಉಳಿಯುತ್ತದೆ ಎಂದು ಪಶುವೈದ್ಯರು ಆಗ ವಿವರಿಸಿದರು. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ವೈರಸ್ ಹೆಚ್ಚಾಗಿ ಹರಡುವುದು ಇಂಥ ಕಡಿತದಿಂದಲೇ ಎಂಬುದನ್ನೂ ಅಂದೇ ತಿಳಿದುಕೊಂಡೆ. ಆದರೂ ನಾನು ಬಾಗಿಲು ಮುಚ್ಚಲಿಲ್ಲ. ಮೂರು ವರ್ಷ ತುಂಬುವ ಮೊದಲೇ ಒಂದು ಮುಂಜಾನೆ ಅದು ರಸ್ತೆಯ ಅಂಚಿನಲ್ಲಿ ಮಲಗಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಆ ದುಃಖದಲ್ಲಿ ಎರಡನೆಯದನ್ನು, ಪಟ್ಟೆಪಟ್ಟೆಯ ಹೆಣ್ಣನ್ನು, ಹೊಸ್ತಿಲು ದಾಟಲು ಬಿಡಲಿಲ್ಲ. ಬಟ್ಟಲು ಸದಾ ತುಂಬಿರುತ್ತಿತ್ತು, ಮೆತ್ತನೆಯ ಹಾಸಿಗೆ ಇತ್ತು, ಇನ್ನೇನು ಬೇಕು ಎಂದುಕೊಂಡಿದ್ದೆ. ಕಿಟಕಿಯಾಚೆ ಹಕ್ಕಿ ಕುಳಿತರೆ ಅವಳ ಕೆಳದವಡೆ ನಡುಗಿ ಕಟಕಟ ಎಂಬ ಸಣ್ಣ ಸದ್ದು ಹೊರಡುತ್ತಿತ್ತು, ಬಾಲದ ತುದಿಯೊಂದೇ ಅಲುಗುತ್ತಿತ್ತು; ಹಕ್ಕಿ ಹಾರಿಹೋದ ಮೇಲೂ ಬಹಳ ಹೊತ್ತು ಖಾಲಿ ಕೊಂಬೆಯನ್ನೇ ನೋಡುತ್ತಿದ್ದಳು. ನಾನು ಅದನ್ನು ಮುದ್ದಾಗಿದೆ ಎಂದು ನೋಡಿದೆನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ. ನಾಲ್ಕನೆಯ ವರ್ಷಕ್ಕೆ ಅವಳ ತೂಕ ಹತ್ತಿರ ಹತ್ತಿರ 7 ಕಿಲೋ ಆಯಿತು. ಸಾಮಾನ್ಯ ಬೆಕ್ಕು 4ರಿಂದ 5 ಕಿಲೋ ಇದ್ದರೆ ಸಾಕು. ಆಮೇಲೆ ಹೊಟ್ಟೆಯನ್ನು ನೆಕ್ಕಿ ನೆಕ್ಕಿ ಕೂದಲೇ ಇಲ್ಲದಂತೆ ಮಾಡಿಕೊಂಡಳು. ಕೊನೆಗೆ ಗಳಿಗೆಗೊಮ್ಮೆ ಮಲಮೂತ್ರಕ್ಕೆಂದು ಇಟ್ಟ ಲಿಟರ್ ಟ್ರೇಗೆ ಹೋಗಿ ರಕ್ತ ಬೆರೆತ ಎರಡು ಹನಿ ಮೂತ್ರ ಮಾಡಿ ಅಳತೊಡಗಿದಳು. ಪರೀಕ್ಷೆಯಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ಒತ್ತಡ, ಬೇಸರ, ಕಡಿಮೆ ನೀರು ಕುಡಿಯುವುದು, ಇವೆಲ್ಲ ಸೇರಿ ಮೂತ್ರಕೋಶ ಉರಿಯೂತಕ್ಕೆ ಒಳಗಾಗುತ್ತದೆ, ಗಂಡಾಗಿದ್ದರೆ ಮೂತ್ರನಾಳವೇ ಕಟ್ಟಿಕೊಂಡು ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಅಪಾಯವಾಗುತ್ತಿತ್ತು ಎಂದು ವೈದ್ಯರು ಹೇಳಿದರು. ನಂತರ ಅವರು ಕೇಳಿದ್ದು ಒಂದೇ ಮಾತು: ಇವಳು ದಿನವಿಡೀ ಏನು ಮಾಡುತ್ತಾಳೆ? ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಅಣ್ಣನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅಷ್ಟು ಹಿಂದಿನಿಂದ ಬೆಕ್ಕು ನಮ್ಮ ಜೊತೆಗಿದ್ದರೂ ಒಳಗೂ ಹೊರಗೂ ಓಡಾಡಿಕೊಂಡೇ ಬದುಕಿದೆ. ಪೂರ್ತಿ ಮನೆಯೊಳಗೇ ಬೆಕ್ಕು ಸಾಕುವುದು ಸಲೀಸಾದದ್ದು 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬಾತ ಜೇಡಿಮಣ್ಣಿನ ಹರಳುಗಳನ್ನು ಬೆಕ್ಕಿನ ಲಿಟರ್ ಆಗಿ, ಅಂದರೆ ಟ್ರೇಯಲ್ಲಿ ಮಲಮೂತ್ರ ಹೀರುವ ಹಾಸಾಗಿ, ಮಾರತೊಡಗಿದ ಮೇಲೆ. ಎಂಟು ದಶಕಗಳಲ್ಲಿ ಬೆಕ್ಕಿನ ಸ್ವಭಾವ ಬದಲಾಗಿಬಿಟ್ಟಿಲ್ಲ. ನಿನ್ನ ಮಡಿಲಲ್ಲಿ ನಿದ್ದೆ ಮಾಡುವ ಮರಿಯೂ ಮೈಯಿಂದ ಬೇಟೆಗಾರನೇ. ಅಣ್ಣನೊಂದಿಗೆ ನನ್ನ ಭಿನ್ನಾಭಿಪ್ರಾಯವಿರುವುದು ಅದರ ಪರಿಹಾರ ರಸ್ತೆಯಲ್ಲಿದೆ ಎಂಬ ಮಾತಿನ ಬಗ್ಗೆ ಮಾತ್ರ.

ಇನ್ನು ನಿನ್ನ ಮರಿ ಬಾಗಿಲ ಬಳಿ ಕೂಗುವ ವಿಷಯ. ಎಂಟು ವಾರದ ಮರಿಗೆ ಹೊರಗಿನ ಲೋಕ ಏನೆಂದೇ ತಿಳಿಯದು. ಅದು ಹುಡುಕುತ್ತಿರುವುದು ಬಹುಶಃ ತಾಯಿಯನ್ನು, ಒಡಹುಟ್ಟಿದ ಮರಿಗಳನ್ನು. ಸಾಧ್ಯವಾದರೆ 12 ವಾರದವರೆಗೂ ತಾಯಿಯ ಜೊತೆ ಬಿಡುವುದು ಒಳ್ಳೆಯದಿತ್ತು, ಇರಲಿ, ಈಗ ಬಂದಾಗಿದೆ. ಒಂದು ಚಿಕ್ಕ ಕೋಣೆಯಲ್ಲಿ ಹಾಸಿಗೆ, ನೀರು, ಟ್ರೇ ಇಟ್ಟು, ಬಚ್ಚಿಟ್ಟುಕೊಳ್ಳಲು ರಟ್ಟಿನ ಡಬ್ಬಿ ಇಟ್ಟು, ನೀನು ಅಲ್ಲೇ ನೆಲದ ಮೇಲೆ ಕುಳಿತು ಓದು. ಅದಾಗಿ ಬಂದು ನಿನ್ನ ಮೊಣಕಾಲು ಹತ್ತಲಿ, ನೀನಾಗಿ ಹಿಡಿಯಲು ಹೋಗಬೇಡ. ಅದರ ಒಡಹುಟ್ಟಿದ ಮರಿಯೊಂದು ಇನ್ನೂ ಅಲ್ಲೇ ಇದ್ದರೆ ಅದನ್ನೂ ತರುವ ಬಗ್ಗೆ ಮನಸ್ಸು ಮಾಡು; ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಒಂದು ಮರಿಗೆ ಇನ್ನೊಂದು ಮರಿ ಕಲಿಸುವಷ್ಟು ಚೆನ್ನಾಗಿ ನಾವು ಕಲಿಸಲಾರೆವು.

ಹೊರಗೆ ಬಿಡಬೇಕೆಂದೇ ತೀರ್ಮಾನಿಸಿದರೂ ಮೊದಲ ಆರು ತಿಂಗಳು ಆ ಮಾತೇ ಬೇಡ. ಲಸಿಕೆಗಳು 6ರಿಂದ 8ನೇ ವಾರದಲ್ಲಿ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16ನೇ ವಾರದವರೆಗೆ ನಡೆಯಬೇಕು, ಏಕೆಂದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಪೂರ್ತಿಯಾಗಿ ಹಿಡಿಯುವುದಿಲ್ಲ, ಆ ರಕ್ಷಣೆ ಯಾವ ವಾರ ಕರಗುತ್ತದೆ ಎಂದು ಮೊದಲೇ ಹೇಳಲೂ ಆಗುವುದಿಲ್ಲ. ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿಯ ಕಾಯಿಲೆ ಲಸಿಕೆಯಿಲ್ಲದ ಮರಿಯನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯುತ್ತದೆ. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಸುಮಾರು 9 ವಾರದಲ್ಲಿ ತಾನೇ ಮರಿಗಳಿಗೆ ತಾಯಿಯಾಗಬಹುದು. ಆದ್ದರಿಂದ ಐದು ತಿಂಗಳ ಒಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡು. ಬೆದೆಗೆ ಬಂದ ಬೆಕ್ಕು ಹೊರಗೆ ಹೋಗಲು ಹಾತೊರೆಯುವುದನ್ನು ಸ್ವಾತಂತ್ರ್ಯದ ಹಂಬಲವೆಂದು ನಂಬಿ ಬಾಗಿಲು ತೆರೆದವರನ್ನು ನಾನು ಬಹಳ ನೋಡಿದ್ದೇನೆ.

ಒಳಗಿನ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಟ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋಲಿನ ತುದಿಗೆ ದಾರ ಕಟ್ಟಿ, ದಾರದ ತುದಿಗೆ ಗರಿ ಅಥವಾ ಬಟ್ಟೆಯ ಚೂರು ಕಟ್ಟು. ಅದನ್ನು ಮರಿಯ ಮುಖದ ಮುಂದೆ ಅಲ್ಲಾಡಿಸಬೇಡ. ಯಾವ ಇಲಿಯೂ ಬೆಕ್ಕಿನ ಬಾಯಿಗೆ ತಾನಾಗಿ ಬರುವುದಿಲ್ಲ. ನಿಧಾನವಾಗಿ ದೂರ ಎಳೆ, ಮಂಚದ ಕಾಲಿನ ಹಿಂದೆ ಮರೆಮಾಡು, ತಡೆ, ತುದಿಯನ್ನಷ್ಟೇ ಕಾಣಿಸು. ಮರಿ ಎದೆಯನ್ನು ನೆಲಕ್ಕೆ ಒತ್ತಿ, ಕಣ್ಣಿನ ಪಾಪೆ ಹಿಗ್ಗಿಸಿ, ಹಿಂಗಾಲುಗಳನ್ನು ಎಡಕ್ಕೂ ಬಲಕ್ಕೂ ತುಳಿಯುತ್ತಾ ಬೆನ್ನ ಹಿಂಭಾಗ ಅಲುಗಿಸಿದ ಕ್ಷಣದಲ್ಲಿ ನೀನು ಅಲುಗದೆ ಕಾಯಬೇಕು. ಅದು ನೆಗೆದು ಹಿಡಿಯಲಿ, ಕಚ್ಚಲಿ, ಹಿಂಗಾಲಿನಿಂದ ಒದೆಯಲಿ. ಹಿಡಿಯಲು ಬಿಡದೆ ಓಡಿಸುತ್ತಲೇ ಇದ್ದರೆ ಅದು ಆಟವಾಗದೆ ಹಿಂಸೆಯಾಗುತ್ತದೆ. ಮುಗಿದ ಕೂಡಲೇ ಊಟ ಕೊಡು. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಇದು ಅದರ ಕ್ರಮ. ಬೆಳಗಿನ ಜಾವ ಮತ್ತು ಮುಸ್ಸಂಜೆ ಬೆಕ್ಕಿನ ಮೈಗೆ ಚುರುಕು ಬರುವ ಹೊತ್ತಾದ್ದರಿಂದ ಆಗಲೇ ಆಡಿಸು, ರಾತ್ರಿ ನಿನ್ನನ್ನು ಎಬ್ಬಿಸುವುದು ತಾನಾಗಿ ಕಡಿಮೆಯಾಗುತ್ತದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ಓಡಾಡುವ ಬೆಕ್ಕುಗಳನ್ನು ದಿನಕ್ಕೆ ಐದರಿಂದ ಹತ್ತು ನಿಮಿಷ ಹೀಗೆ ಆಡಿಸಿದಾಗ ಅವು ಮನೆಗೆ ತರುತ್ತಿದ್ದ ಬೇಟೆ ಶೇ 25ರಷ್ಟು ಕಡಿಮೆಯಾಯಿತು. ಧಾನ್ಯವಿಲ್ಲದ, ಹೆಚ್ಚು ಮಾಂಸಾಂಶದ ಆಹಾರ ಕೊಟ್ಟಾಗ ಶೇ 36ರಷ್ಟು. ಹತ್ತು ನಿಮಿಷದ ಆಟ ಬೆಕ್ಕಿನ ಬೇಟೆಯ ಹಸಿವನ್ನು ಅಷ್ಟರಮಟ್ಟಿಗೆ ತಣಿಸಬಲ್ಲದು ಎಂದು ತಿಳಿದ ದಿನ ನನ್ನ ಪಟ್ಟೆ ಬೆಕ್ಕಿನ ನೆನಪಾಗಿ ಕಣ್ಣು ತುಂಬಿತು. ಆಟ ಮುಗಿದ ಮೇಲೆ ದಾರವನ್ನು ತಪ್ಪದೆ ಎತ್ತಿಡು; ನುಂಗಿದ ದಾರ ಕರುಳನ್ನು ಕುಯ್ದುಬಿಡುತ್ತದೆ.

ಎತ್ತರವೂ ಬೇಕು. ಕಪಾಟಿನ ಮೇಲೊಂದು ಜಾಗ, ಕಿಟಕಿಯ ಬಳಿ ಒಂದು ಹಲಗೆ, ಮೈ ಪೂರ್ತಿ ಚಾಚಿ ಉಗುರು ಕೆರೆಯಲು ಅಲ್ಲಾಡದ ಕಂಬ, ಇಷ್ಟಿದ್ದರೆ ಚಿಕ್ಕ ಮನೆಯೂ ಬೆಕ್ಕಿಗೆ ದೊಡ್ಡದಾಗುತ್ತದೆ. ಆದರೆ ಕಿಟಕಿಗೆ ಗಟ್ಟಿ ಜಾಲರಿ ಹಾಕದೆ ತೆರೆಯಬೇಡ. ಎಲ್ಲಿಂದ ಬಿದ್ದರೂ ಬೆಕ್ಕು ಕಾಲಿನ ಮೇಲೇ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡ. ನ್ಯೂಯಾರ್ಕಿನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ ವರದಿಯಲ್ಲಿ ಐದು ತಿಂಗಳಲ್ಲಿ ಒಂದೇ ಆಸ್ಪತ್ರೆಗೆ ಎತ್ತರದಿಂದ ಬಿದ್ದ 132 ಬೆಕ್ಕುಗಳು ಬಂದಿದ್ದವು. ಚಿಕಿತ್ಸೆ ಸಿಕ್ಕಿದ್ದರಿಂದ ಹೆಚ್ಚಿನವು ಬದುಕಿದವು, ಆದರೆ ಎದೆಗೆ, ದವಡೆಗೆ ಪೆಟ್ಟು ತಿಂದೇ ಬದುಕಿದವು.

ನಿನ್ನ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಬಸುರಿಯರಿಗೆ ಭಯವಿರುವುದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಬೆಕ್ಕಿಗೆ ಅದು ಬರುವುದು ಬೇಟೆಯಾಡಿದ ಇಲಿ, ಹಕ್ಕಿಗಳಿಂದ ಅಥವಾ ಹಸಿ ಮಾಂಸದಿಂದ. ಹಾಗಾಗಿ ಒಳಗೇ ಇದ್ದು ಬೇಯಿಸಿದ ಅಥವಾ ಸಿದ್ಧ ಆಹಾರ ತಿನ್ನುವ ಬೆಕ್ಕಿನಿಂದ ಅಪಾಯ ತೀರ ಕಡಿಮೆ. ಮಲದಲ್ಲಿ ಹೊರಬಿದ್ದ ಮೇಲೂ ಅದು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕಾಗುತ್ತದೆ. ಟ್ರೇಯನ್ನು ದಿನವೂ ನೀನು ಶುಚಿಮಾಡು, ಅತ್ತಿಗೆ ಮುಟ್ಟುವುದು ಬೇಡ, ಅವಳ ವೈದ್ಯರಿಗೂ ಬೆಕ್ಕಿರುವ ವಿಷಯ ತಿಳಿಸಿರಲಿ. ಮರಿಯನ್ನು ಮನೆಯಿಂದ ಕಳಿಸುವ ಅಗತ್ಯವಿಲ್ಲ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಬಟ್ಟಲಿನಲ್ಲಿ ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಹೂದಾನಿಯಲ್ಲಿ ಲಿಲ್ಲಿ ಹೂ ಇಡಬೇಡ, ಅದರ ಪರಾಗ ಮೈಗಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ನಾಯಿಗೆ ಹಾಕುವ ಪರ್ಮೆತ್ರಿನ್ ಇರುವ ಉಣ್ಣೆ ಔಷಧವೂ ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಅದಕ್ಕೆ ಹೊರಗಿನ ಗಾಳಿ ಬೇಕೆನಿಸಿದರೆ ಸುತ್ತಲೂ ಜಾಲರಿ ಕಟ್ಟಿದ ಜಗಲಿಯಲ್ಲಿ ಬಿಡು, ಅಥವಾ ಈಗಿನಿಂದಲೇ ದಿನಕ್ಕೆ ಐದು ನಿಮಿಷ ಮನೆಯೊಳಗೆ ಹಾರ್ನೆಸ್ (ಹಗ್ಗ ಹಿಡಿದು ನಡೆಸಲು ಮೈಗೆ ಕಟ್ಟುವ ಪಟ್ಟಿ) ತೊಡಿಸಿ ಅಭ್ಯಾಸ ಮಾಡಿಸು. ನನ್ನ ಈಗಿನ ಬೆಕ್ಕಿಗೆ ಒಂಬತ್ತು ವರ್ಷ, ಹಾರ್ನೆಸ್ಸಿನ ಸದ್ದು ಕೇಳಿದರೆ ತಾನೇ ಬಂದು ಕೊರಳು ಒಡ್ಡುತ್ತದೆ. ಅಣ್ಣ, ಮುಂದಿನ ಸಲ ನಮ್ಮ ಮನೆಗೆ ಬಂದಾಗ ಅದನ್ನು ಒಂದು ಸಂಜೆ ನೀನೇ ಆಡಿಸಿ ನೋಡು, ಆಮೇಲೆ ಅನ್ಯಾಯದ ಮಾತನ್ನು ಇಬ್ಬರೂ ಕುಳಿತು ಮಾತಾಡೋಣ. ಮಗಳೇ, ನೀನು ಇವತ್ತು ಪಶುವೈದ್ಯರ ಬಳಿ ದಿನ ಗೊತ್ತುಮಾಡಿಕೋ, ಮತ್ತು ಕಿಟಕಿಗಳ ಉದ್ದ ಅಗಲ ಅಳೆದು ನನಗೆ ಕಳಿಸು. ನನ್ನ ಬಳಿ ಜಾಲರಿ ಉಳಿದಿದೆ, ಭಾನುವಾರ ಬಂದು ಕಟ್ಟಿಕೊಡುತ್ತೇನೆ.