ಟೀವಿ ಹಾರ್ಡ್ ಡಿಸ್ಕ್ ಬಿತ್ತು, ಟಕ್ ಟಕ್ ಅಂತಿದೆ

ಹಾಸನದಿಂದ: ಸರ್, ಸಿನಿಮಾ ಓಡ್ತಾ ಇರುವಾಗಲೇ ಮಗು ವೈರ್ ಎಳೆದು ಹಾರ್ಡ್ ಡಿಸ್ಕ್ ಕೆಳಗೆ ಬಿತ್ತು. ಈಗ ಟಕ್ ಟಕ್ ಅಂದು ಸುಮ್ಮನಾಗುತ್ತೆ. ತಂಗಿ ಮದುವೆ ವಿಡಿಯೊ, ಅಪ್ಪನ ಕೊನೆಯ ಯುಗಾದಿ ಫೋಟೊ ಅದರಲ್ಲೇ ಇವೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತೆ ಅಂತ ಫಾರ್ವರ್ಡ್ ಬಂದಿದೆ. ಇಡಲಾ?

ರಿಪೇರಿಯವರು: ಇಡಬೇಡಿ. ಮತ್ತೆ ಮತ್ತೆ ಹಾಕಿ ನೋಡುವುದನ್ನೂ ನಿಲ್ಲಿಸಿ. ಇಂಥ ಡಿಸ್ಕಿನೊಳಗೆ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಓದುವ ಹೆಡ್ ಅದಕ್ಕೆ ತಾಗದಂತೆ ಮೇಲೆ ತೇಲುತ್ತೆ. ನಡುವಿನ ಜಾಗ ಕೂದಲೆಳೆಗಿಂತ ಎಷ್ಟೋ ಕಡಿಮೆ. ಓಡುವಾಗ ಬಿದ್ದಿದೆ, ಸದ್ದೂ ಇದೆ ಅಂದರೆ ಹೆಡ್ ಮೇಲೇ ನನಗೆ ಅನುಮಾನ. ಕರೆಂಟ್ ಕೊಟ್ಟಾಗಲೆಲ್ಲ ತಟ್ಟೆಗೆ ಗೀರು ಬೀಳಬಹುದು. ಗೀರು ಬಿದ್ದ ಜಾಗದಲ್ಲಿದ್ದ ಫೋಟೊ ಯಾರ ಕೈಲೂ ವಾಪಸ್ ಬರಲ್ಲ. ಫ್ರೀಜರಿನಿಂದ ತೆಗೆದರೆ ಒಳಗೆ ನೀರ ಪಸೆ ಕೂರುತ್ತೆ, ಅದೊಂದೇ ಲಾಭ. ವಿಂಡೋಸ್‌ನಲ್ಲಿ ಡಿಸ್ಕಿನ ತಪ್ಪು ಹುಡುಕುವ ಚೆಕ್ ಡಿಸ್ಕ್ ಓಡಿಸಬೇಡಿ, ಮುಚ್ಚಳ ಬಿಚ್ಚಬೇಡಿ. ಕ್ಲೀನ್ ರೂಮ್, ಅಂದರೆ ಧೂಳು ಸೇರದ ಕೋಣೆ, ಇರುವ ಡೇಟಾ ರಿಕವರಿಯವರಿಗೇ ಕೊಡಿ. ಅದೇ ಮಾಡೆಲ್ಲಿನ ಬೇರೆ ಡಿಸ್ಕಿನ ಹೆಡ್ ಹಾಕಿ ಓದಲು ನೋಡುತ್ತಾರೆ. ದುಬಾರಿ, ಗ್ಯಾರಂಟಿಯೂ ಇಲ್ಲ. ಮದುವೆ ವಿಡಿಯೊದವರ ಹತ್ತಿರ ಒಂದು ಕಾಪಿ ಇದೆಯಾ ಅಂತ ಕೇಳಿದ್ರಾ?

ತುಮಕೂರಿನಿಂದ: 1 ಟಿಬಿ ಅಂತ ತಗೊಂಡೆ, 931 ಜಿಬಿ ತೋರಿಸ್ತಿದೆ. ಮೋಸ ಅಲ್ವಾ?

ರಿಪೇರಿಯವರು: ಅಲ್ಲ. ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ ಅಂತ ಎಣಿಸುವಾಗ ಕಂಪನಿಯದು 1000ದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ.

ಮಂಡ್ಯದಿಂದ: 300 ಜಿಬಿ ಖಾಲಿ ಇದೆ, 6 ಜಿಬಿ ಸಿನಿಮಾ ಕಾಪಿ ಆಗ್ತಿಲ್ಲ.

ರಿಪೇರಿಯವರು: ಡಿಸ್ಕಿನ ಫಾರ್ಮ್ಯಾಟ್, ಅಂದರೆ ಫೈಲ್ ಜೋಡಿಸಿಡುವ ರೀತಿ, ಫ್ಯಾಟ್32 ಇರಬೇಕು. 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. ಎಕ್ಸ್‌ಫ್ಯಾಟ್ ಮಾಡಿ. ಟೀವಿ ಅದನ್ನು ಓದುತ್ತಾ ಮೊದಲು ನೋಡಿ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ, ಆಮೇಲೆ ಅಳಬೇಡಿ.

ಬೆಳಗಾವಿಯಿಂದ: ಯಾವ ಕಂಪನಿದು ತಗೊಳ್ಳಲಿ ಸರ್?

ದಾವಣಗೆರೆಯಿಂದ: ಈ ಕಾಲದಲ್ಲೂ ಹಾರ್ಡ್ ಡಿಸ್ಕಾ? ಕ್ಲೌಡಿಗೆ ಹಾಕಿ.

ಕೊಪ್ಪದಿಂದ: ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನಮಗೆ ಕ್ಲೌಡ್ ಅಂದ್ರೆ ಮೋಡಾನೇ.

ದಾವಣಗೆರೆಯಿಂದ: ಹಾಗಾದ್ರೆ ಎಸ್‌ಎಸ್‌ಡಿ ತಗೊಳ್ಳಿ. ಎಲ್ಲ ಚಿಪ್‌ನಲ್ಲೇ ಇರುತ್ತೆ, ಒಳಗೆ ತಿರುಗೋದೇ ಏನೂ ಇಲ್ಲ.

ಕೊಪ್ಪದಿಂದ: 4 ಟಿಬಿದಕ್ಕೆ ದುಡ್ಡು ನೀವು ಕೊಡ್ತೀರಾ?

ದಾವಣಗೆರೆಯಿಂದ: ಸಿನಿಮಾ ಕೂಡಿಡೋ ಚಪಲ ನಿಮ್ಮದು, ದುಡ್ಡು ನಾನ್ಯಾಕೆ ಕೊಡಲಿ?

ರಿಪೇರಿಯವರು: ಜಗಳ ಬೇರೆ ಕಡೆ ಆಡಿ. ಯಾವುದಾದರೂ ಒಂದಿನ ಕೆಡುತ್ತೆ. ಫೋಟೊ ಎರಡು ಕಡೆ ಇದೆಯಾ, ಅದು ಹೇಳಿ.

ಕೋಲಾರದಿಂದ: ನಂದೂ 931 ತೋರಿಸ್ತಿದೆ ಸರ್.

ರಿಪೇರಿಯವರು: ಮೇಲೆ ಓದಿ.

ಗದಗದಿಂದ: ಅಕ್ಕಿ ಡಬ್ಬದಲ್ಲಿಟ್ಟರೆ ಟಕ್ ಟಕ್ ನಿಲ್ಲುತ್ತಂತೆ.

ರಿಪೇರಿಯವರು: ಅಕ್ಕಿಯಲ್ಲಿ ಅನ್ನ ಮಾಡಿ.

ಹಾಸನದಿಂದ: ಸರ್, ವಿಡಿಯೊದವರ ಹತ್ತಿರ ಮದುವೆದು ಇದೆಯಂತೆ. ಆದ್ರೆ ಅಣ್ಣ ಬೆಳಗ್ಗೆನೇ ಡಿಸ್ಕ್ ಫ್ರೀಜರಿಗೆ ಇಟ್ಟುಬಿಟ್ಟಿದ್ದಾನೆ.

ರಿಪೇರಿಯವರು: ಗಾಳಿಯಾಡದ ಕವರಿನಲ್ಲಿ ಹಾಕಿ ಹೊರಗಿಡಿ. ಒಂದು ದಿನ ಹಾಗೇ ಬಿಡಿ. ವೈರ್ ಅಣ್ಣನ ಕೈಗೆ ಸಿಗದ ಹಾಗೆ ಎತ್ತಿಡಿ.