ಒಂದೇ ‘ತೀವ್ರತೆ’, ಎರಡು ಅಳತೆ: ಭೂಕಂಪದ ಕೈಹೊತ್ತಿಗೆಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಆಳಂದ, ಚಿಂಚೋಳಿ, ಬಸವಕಲ್ಯಾಣದ ಕಡೆಯ ಶಾಲೆಗಳಿಗೆ ಮತ್ತು ಗೌಂಡಿಗಳಿಗೆ ಹಂಚಲು ಭೂಕಂಪದ ಬಗ್ಗೆ ಎಂಟು ಪುಟದ ಕೈಹೊತ್ತಿಗೆ ಬರೆಯುತ್ತಿದ್ದೇನೆ. ಎರಡನೇ ಪುಟದಲ್ಲೇ ಒಂದು ಪದ ಕಾಲಿಗೆ ತೊಡರಿಕೊಂಡು ಹದಿನೈದು ದಿನವಾಯಿತು. ಆ ಪದ ‘ತೀವ್ರತೆ’.

‘ರಿಕ್ಟರ್ ಮಾಪಕದಲ್ಲಿ ಇಷ್ಟು ತೀವ್ರತೆಯ ಭೂಕಂಪ’ ಎಂದು ಬರೆಯುವುದು ನಮ್ಮ ಪತ್ರಿಕೆಗಳ ರೂಢಿ. ಇಲ್ಲಿ ತೀವ್ರತೆ ಎಂದರೆ ನೆಲದೊಳಗೆ ಬಂಡೆ ಜಾರಿದಾಗ ಹೊಮ್ಮಿದ ಶಕ್ತಿಯನ್ನು ಸೂಚಿಸುವ ಅಂಕಿ. ಒಂದು ಭೂಕಂಪಕ್ಕೆ ಅದು ಒಂದೇ. ಆದರೆ ‘ನಮ್ಮೂರಲ್ಲಿ ತೀವ್ರತೆ ಕಡಿಮೆ ಇತ್ತು’ ಎಂದೂ ನಾವು ಹೇಳುತ್ತೇವೆ. ಈ ತೀವ್ರತೆಯೇ ಬೇರೆ. ಆಯಾ ಊರಲ್ಲಿ ನೆಲ ಎಷ್ಟು ಅಲುಗಿತು, ಮಲಗಿದವರಿಗೆ ಎಚ್ಚರವಾಯಿತೇ, ಗೋಡೆ ಬಿರಿಯಿತೇ, ಬಿದ್ದೇ ಹೋಯಿತೇ ಎಂಬುದರ ಲೆಕ್ಕ ಅದು. 1ರಿಂದ 12ರವರೆಗಿನ ದರ್ಜೆಗಳಲ್ಲಿ ಅದನ್ನು ಹೇಳುತ್ತಾರೆ, ಊರಿಂದೂರಿಗೆ ಅದು ಬದಲಾಗುತ್ತದೆ. 2001ರ ಜನವರಿ 26ರ ಕಛ್ ಭೂಕಂಪದ ಶಕ್ತಿಯ ಅಂಕಿ 7.7. ಅದನ್ನು ಭುಜ್‌ನಲ್ಲಿ ಕೇಳಿದರೂ ಅಹಮದಾಬಾದಿನಲ್ಲಿ ಕೇಳಿದರೂ 7.7 ಎಂದೇ ಉತ್ತರ. ಊರಿನ ದರ್ಜೆ ಮಾತ್ರ ಹಾಗಲ್ಲ. ಕಂಪದ ಕೇಂದ್ರಕ್ಕೆ ಹತ್ತಿರದ ಭಚಾವು ಪಟ್ಟಣ ನೆಲಸಮವಾಯಿತು. 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಊರು ನಿಂತಿತು, ಆದರೆ ಹಲವು ಬಹುಮಹಡಿ ಕಟ್ಟಡಗಳು ಕುಸಿದವು.

ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಲು ಕಲ್ಲಿನ ಖಣಿಯ ಉದಾಹರಣೆ ಸಾಕು. ಕುಳಿಯಲ್ಲಿ ತುಂಬಿದ ಮದ್ದು ಇಷ್ಟೇ ಎಂದು ಇರುತ್ತದೆ. ಖಣಿಯ ಪಕ್ಕದ ಮನೆಯಲ್ಲಿ ಗೋಡೆ ಬಿರಿಯುತ್ತದೆ, ಆಚೆ ಊರಲ್ಲಿ ಅಡುಗೆಮನೆಯ ತಾಟು ಗಣಗಣ ಅನ್ನುತ್ತದೆ. ಮದ್ದಿಗೆ ಒಂದು ಪದ, ತಾಟಿನ ಸದ್ದಿಗೆ ಇನ್ನೊಂದು ಪದ ಬೇಕಲ್ಲವೇ? ಎರಡಕ್ಕೂ ‘ತೀವ್ರತೆ’ ಅಂದರೆ ಮಕ್ಕಳಿಗೆ ಏನು ತಿಳಿಯಬೇಕು?

ಇದು ಬರೀ ಪದಶುದ್ಧಿಯ ಮಾತಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ನಾನು ಆಳಂದದ ಹತ್ತಿರದ ಹಳ್ಳಿಯಲ್ಲಿದ್ದೆ, ಆರನೇ ಇಯತ್ತೆ. ‘ಏಳ್ರಿ, ಹೊರಗ ನಡೀರಿ, ನೆಲ ಅಳ್ಳಾಡ್ಲಕತ್ತದ’ ಎಂದು ನಮ್ಮಜ್ಜಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆ ಭೂಕಂಪದ ಅಂಕಿ 6.2. ಜಗತ್ತಿನ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ, ಅಂಥವು ಪ್ರತಿ ವರ್ಷ ಹತ್ತಾರು ಆಗುತ್ತವೆ. ಆದರೂ ಸುಮಾರು 10,000 ಜನ ಸತ್ತರು. ನಡುಕ ಹುಟ್ಟಿದ್ದು ನೆಲದ ಮೇಲ್ಭಾಗಕ್ಕೆ ಹತ್ತಿರ, ಹೊತ್ತು ಎಲ್ಲರೂ ಮಲಗಿದ್ದ ಹೊತ್ತು. ಮನೆಗಳೋ, ಮಣ್ಣಿನಲ್ಲಿ ಕೂರಿಸಿದ ಉಂಡೆಗಲ್ಲಿನ ದಪ್ಪ ಗೋಡೆ, ಮೇಲೆ ಮೊಳದಷ್ಟು ಮಣ್ಣು ಹೊತ್ತ ಮಾಳಿಗೆ. ಶಕ್ತಿ ಮಧ್ಯಮ, ಪೆಟ್ಟು ಭಯಂಕರ. ಈ ಎರಡನ್ನು ಬೇರೆ ಬೇರೆಯಾಗಿ ಹೇಳಲು ಪದವಿಲ್ಲದಿದ್ದರೆ ಕಿಲ್ಲಾರಿಯ ಪಾಠವನ್ನೇ ಕನ್ನಡದಲ್ಲಿ ಹೇಳಲಾಗದು.

ಶಾಲೆಯೊಂದರಲ್ಲಿ ಕರಡನ್ನು ಓದಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: ‘ಸರ್, 6.2 ಅಂದ್ರ ಹತ್ತಕ್ಕ ಆರು ಮಾರ್ಕ್ಸ್ ಬಂದಂಗೇನ್ರಿ?’ ಹಾಗೆ ಕೇಳಿದ್ದು ಅವಳ ತಪ್ಪಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಅಲುಗಿ ಜನ ಮನೆ ಬಿಟ್ಟರು. ಅವುಗಳಲ್ಲಿ ದೊಡ್ಡದರ ಅಂಕಿ 4.1. ನಾಲ್ಕಕ್ಕೂ ಆರಕ್ಕೂ ಎರಡೇ ಮೆಟ್ಟಿಲು ಅನಿಸುತ್ತದೆ. ಆದರೆ ಒಂದೊಂದು ಮೆಟ್ಟಿಲಿಗೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಅಂದರೆ ಕಿಲ್ಲಾರಿಯದು ಗಡಿಕೇಶ್ವಾರದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು.

‘ಮಾಪಕ’ವೂ ತೊಡಕಿನದೇ. ಉಷ್ಣತಾಮಾಪಕ ಒಂದು ಉಪಕರಣ, ವಾಯುಭಾರಮಾಪಕವೂ ಉಪಕರಣ. ಹಾಗಾಗಿ ರಿಕ್ಟರ್ ಮಾಪಕ ಎಂದರೆ ಎಲ್ಲೋ ಇಟ್ಟಿರುವ ಯಂತ್ರ ಎಂದು ಓದುಗರು ತಿಳಿಯುತ್ತಾರೆ. ಅದು ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾದ ಭೂಕಂಪಗಳಿಗಾಗಿ ರೂಪಿಸಿದ ಲೆಕ್ಕದ ಕ್ರಮ, ಅಷ್ಟೆ. ದೊಡ್ಡ ಭೂಕಂಪಗಳಿಗೆ ಈಗ ಬಳಸುವುದು 1979ರಲ್ಲಿ ಬಂದ ಬೇರೆ ಲೆಕ್ಕ. ನನ್ನ ಕೈಹೊತ್ತಿಗೆಯಲ್ಲಿ ರಿಕ್ಟರ್ ಹೆಸರನ್ನೇ ಕೈಬಿಟ್ಟಿದ್ದೇನೆ.

ಇನ್ನು ಪದಗಳ ವಿಚಾರ. ಊರೂರಿಗೆ ತಟ್ಟಿದ ಪೆಟ್ಟಿನ ಅಳತೆಗೆ ‘ತೀವ್ರತೆ’ಯನ್ನೇ ಉಳಿಸಿಕೊಳ್ಳೋಣ ಎಂಬುದು ನನ್ನ ಅಭಿಪ್ರಾಯ. ಬೆಳಕಿನ ತೀವ್ರತೆ, ನೋವಿನ ತೀವ್ರತೆ ಎನ್ನುವಾಗಲೂ ನಾವು ನಿಂತ ಜಾಗಕ್ಕೆ, ನಮಗೆ ತಟ್ಟಿದ್ದಕ್ಕೆ ಆ ಮಾತು ಹೊಂದುತ್ತದೆ. ಶಕ್ತಿಯ ಅಂಕಿಗೆ ‘ಪರಿಮಾಣ’ ಎಂದು ಕೆಲವರು ಬರೆಯುತ್ತಾರೆ. ಹಿಂದಿಯಲ್ಲೂ ಅದೇ ಇದೆ. ಸರಿಯಾದ ಪದವೇ, ಆದರೆ ಗೌಂಡಿಯ ಕಿವಿಗೆ ಅದು ಅಕ್ಕಿ ಅಳೆದಂತೆ ಕೇಳುತ್ತದೆ. ‘ಪ್ರಮಾಣ’ ಎಂದರೆ ಆಣೆ ನೆನಪಾಗುತ್ತದೆ. ‘ಬಲ’ವನ್ನು ಭೌತವಿಜ್ಞಾನ ಬೇರೆ ಅರ್ಥಕ್ಕೆ ಆಗಲೇ ಹಿಡಿದಿಟ್ಟಿದೆ. ನನ್ನ ಮನಸ್ಸು ‘ಕಸುವು’ ಎಂಬುದರ ಮೇಲಿದೆ: ‘ಭೂಕಂಪದ ಕಸುವು 6.2, ಕಿಲ್ಲಾರಿಯಲ್ಲಿ ಅದರ ತೀವ್ರತೆ 8ನೇ ದರ್ಜೆಗೂ ಮೇಲೆ.’ ಎತ್ತಿನ ಕಸುವು, ಮಣ್ಣಿನ ಕಸುವು ಎನ್ನುವ ಜನಕ್ಕೆ ಇದು ಹೊಸದೂ ಅಲ್ಲ. ನಿಮಗೆ ಹೇಗೆ ಕೇಳುತ್ತದೆ? ಸುದ್ದಿಮನೆಯಲ್ಲಿ ಕೆಲಸ ಮಾಡುವವರು ಇದನ್ನು ಬಳಸಬಲ್ಲಿರಾ?

ಈ ಗೊಂದಲ ನಕಾಶೆಯ ಓದಿನಲ್ಲೂ ತೊಂದರೆ ಮಾಡಿದೆ. 1993ರಲ್ಲಿ ಕಿಲ್ಲಾರಿ ಇದ್ದದ್ದು ದೇಶದ ಭೂಕಂಪ ನಕಾಶೆಯ ಅತಿ ಕಡಿಮೆ ಅಪಾಯದ ವಲಯ 1ರಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಿದರು. ಆ ನಕಾಶೆಯಲ್ಲಿ ಕರ್ನಾಟಕದ ಬಹುಭಾಗ ವಲಯ 2, ಕೆಲವು ಭಾಗ ವಲಯ 3. ವಲಯ 2 ಎಂದರೆ ಅಲ್ಲಿ ನಿರೀಕ್ಷಿಸಬಹುದಾದದ್ದು 6ನೇ ದರ್ಜೆಯ ತೀವ್ರತೆ, ವಲಯ 3 ಎಂದರೆ 7ನೇ ದರ್ಜೆ. ಇದನ್ನು ‘ನಮ್ಮಲ್ಲಿ ರಿಕ್ಟರ್ 6 ಆಗುತ್ತದಂತೆ’ ಎಂದು ಓದಿ ಗಾಬರಿಯಾದ ಮೇಷ್ಟ್ರೊಬ್ಬರು ನನಗೆ ಗೊತ್ತು.

‘ಮುನ್ನೆಚ್ಚರಿಕೆ’ಯ ಬಗ್ಗೆಯೂ ಒಂದು ಮಾತು. ಭೂಕಂಪ ಇಂಥ ದಿನ ಆಗುತ್ತದೆಂದು ಯಾರೂ ಹೇಳಲಾರರು, ಅಂದರೆ ಮುನ್ಸೂಚನೆ ಇಲ್ಲ. ಆದರೆ ಭೂಕಂಪ ಹುಟ್ಟಿದ ಮೇಲೆ, ವೇಗದ ಮೊದಲ ಅಲೆಯನ್ನು ಹಿಡಿದು, ಕೆಡಹುವ ನಿಧಾನದ ಅಲೆ ತಲುಪುವ ಮುಂಚೆ ಕೆಲವು ಸೆಕೆಂಡು ಮೊದಲು ಕೂಗಿ ಹೇಳಬಹುದು. ಜಪಾನಿನಲ್ಲಿ 2007ರ ಅಕ್ಟೋಬರ್‌ನಿಂದ ಇದು ಸಾರ್ವಜನಿಕರಿಗೆ ಸಿಗುತ್ತಿದೆ. ಇದಕ್ಕೂ ‘ಮುನ್ನೆಚ್ಚರಿಕೆ’ ಅನ್ನುತ್ತೇವೆ, ಮೊದಲೇ ಗೋಡೆ ಗಟ್ಟಿ ಮಾಡಿಕೊಳ್ಳುವುದಕ್ಕೂ ಅದನ್ನೇ ಅನ್ನುತ್ತೇವೆ. ಸದ್ಯಕ್ಕೆ ಮೊದಲನೆಯದಕ್ಕೆ ‘ಎಚ್ಚರಿಕೆಯ ಕರೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಎಲ್ಲಕ್ಕಿಂತ ತುರ್ತಾಗಿ ಬೇಕಾದದ್ದು ಗೌಂಡಿಗಳ ಪದ. ಕಲ್ಲಿನ ಗೋಡೆಯ ಒಳಮುಖ ಒಂದು ಸಾಲು, ಹೊರಮುಖ ಒಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ನಡುಗಿದಾಗ ಎರಡು ಮುಖಗಳೂ ಹೊಟ್ಟೆ ಉಬ್ಬಿ ಬೇರ್ಪಟ್ಟು ಬೀಳುತ್ತವೆ. ಕಿಲ್ಲಾರಿಯಲ್ಲಿ ಹೀಗೆ ಬಿದ್ದ ಗೋಡೆಗಳಿಗೆ ಲೆಕ್ಕವಿಲ್ಲ. ಇದನ್ನು ತಡೆಯಲು ಎರಡೂ ಮುಖಕ್ಕೆ ತಾಗುವಂತೆ ಅಡ್ಡಲಾಗಿ ಉದ್ದನೆಯ ಕಲ್ಲು ಕೂರಿಸಬೇಕು. ಎತ್ತರದಲ್ಲಿ 60 ಸೆಂ.ಮೀ.ಗೊಂದು, ಉದ್ದದಲ್ಲಿ ಹೆಚ್ಚೆಂದರೆ 1.2 ಮೀಟರಿಗೊಂದು. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ತಲೆಯ ಮೇಲೆ, ಇಡೀ ಮನೆ ಸುತ್ತುವ ಕಾಂಕ್ರೀಟ್ ಪಟ್ಟಿಗೆ ‘ಬೆಲ್ಟ್’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಅದನ್ನು ಹಾಗೇ ಇಟ್ಟಿದ್ದೇನೆ. ಈ ಅಡ್ಡ ಕಲ್ಲಿಗೆ ನಿಮ್ಮ ಕಡೆಯ ಹಿರಿಯ ಗೌಂಡಿಗಳು ಏನೆನ್ನುತ್ತಾರೆ? ದಯವಿಟ್ಟು ಕೇಳಿ ಬರೆಯಿರಿ. ಪದದ ಜೊತೆಗೆ ಯಾವ ತಾಲ್ಲೂಕು ಎಂಬುದನ್ನೂ ತಿಳಿಸಿದರೆ, ಒಂದಕ್ಕಿಂತ ಹೆಚ್ಚು ಪದ ಬಂದರೂ ಎಲ್ಲವನ್ನೂ ಆ ಪುಟದಲ್ಲೇ ಅಚ್ಚು ಹಾಕಿಸುತ್ತೇನೆ.